ಮೊದಲು ನೀರು, ಆಮೇಲೆ ಮೀನು



ಮನೆವಾರ್ತೆಯ ಈ ಪುಟದಲ್ಲಿ ಮಕ್ಕಳ ಓದು, ಹಿರಿಯರ ಆರೈಕೆ, ಅಡುಗೆಮನೆಯ ಮಿತವ್ಯಯ ಮೊದಲಾದ ವಿಷಯಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಈ ಸಲ ಎತ್ತಿಕೊಂಡಿರುವ ವಿಷಯ ಕೆಲವರಿಗೆ ವಿಚಿತ್ರವೆನಿಸಬಹುದು. ಮೀನಿನ ಹೆಸರನ್ನೂ ಅಡುಗೆಮನೆಯಲ್ಲಿ ಎತ್ತದ ಮನೆತನದವರು ನಾವು. ಆದರೂ ಮೀನನ್ನು ಕುರಿತೇ ಬರೆಯುತ್ತಿದ್ದೇವೆ. ತಿನ್ನುವ ಮೀನನ್ನು ಕುರಿತಲ್ಲ, ಸಾಕುವ ಮೀನನ್ನು ಕುರಿತು.

ನಾವು ಧಾರವಾಡದ ಕಡೆಯವರು. ಮಾಸ್ತರಿಕೆಯ ಕಾಯಕ ನಮ್ಮನ್ನು ಹೊನ್ನಾವರಕ್ಕೆ ಕರೆತಂದಿತು; ಶರಾವತಿಯ ದಂಡೆ ಮತ್ತೆ ಬಿಟ್ಟುಕೊಡಲಿಲ್ಲ. ಈ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ನಮ್ಮಂತೆ ಘಟ್ಟ ಇಳಿದು ಬಂದು ನೆಲೆಸಿದ ಬಂಧುಗಳ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ ಹತ್ತಿರದ ನೆಂಟರೊಬ್ಬರು ಎರಡು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಉಡುಗೊರೆಯಾಗಿ ತಂದುಕೊಟ್ಟರು. ಮಗನ ಸಂತೋಷ ಹೇಳತೀರದು. ಅದೇ ಸಂಜೆ ಬಾವಿಯ ನೀರು ಸೇದಿ ತೊಟ್ಟಿ ತುಂಬಿಸಿದೆವು. ಮರುದಿನವೇ ಅಂಗಡಿಗೆ ಹೋಗಿ ಹತ್ತು ಚಿನ್ನದ ಮೀನುಗಳನ್ನು ತಂದು ಬಿಟ್ಟೆವು. ಅಂಗಡಿಯವರು ಏನನ್ನೂ ಕೇಳಲಿಲ್ಲ, ನಾವೂ ಏನನ್ನೂ ಕೇಳಲಿಲ್ಲ.

ಮೂರನೆಯ ದಿನ ನೀರು ಹಾಲು ಬೆರೆಸಿದಂತೆ ಮಬ್ಬಾಯಿತು. ಆರನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿಗಾಗಿ ಒದ್ದಾಡತೊಡಗಿದವು. ಎರಡು ಸತ್ತವು. ನೀರು ಕೊಳೆಯಾಗಿದೆಯೆಂದು ಬಗೆದು ಇದ್ದ ನೀರನ್ನೆಲ್ಲ ಚೆಲ್ಲಿದೆವು. ಕಲ್ಲು, ಸ್ಪಂಜು ಎಲ್ಲವನ್ನೂ ಸಾಬೂನು ಹಚ್ಚಿ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ಮೀನೂ ಉಳಿಯಲಿಲ್ಲ. ಕೊನೆಯದನ್ನು ಮಾವಿನ ಸಸಿಯ ಬುಡದಲ್ಲಿ ಹೂಳಿ ಬಂದ ಮಗ ನಮ್ಮೆದುರು ನಿಂತು ಕೇಳಿದ:

“ಅಪ್ಪಾ, ನಾವು ಮೀನು ತಿನ್ನೂದಿಲ್ಲ. ಆದ್ರ ಹತ್ತು ಮೀನು ನಮ್ಮ ಮನ್ಯಾಗ ಸತ್ತುವು. ಬಾಜೂ ಮನಿಯವರು ತಿನ್ನಾಕಂತ ತರ್ತಾರ. ನಾವು ಯಾಕ ತಂದ್ವಿ?”

ಜಗುಲಿಯಲ್ಲಿ ಕುಳಿತಿದ್ದ ನಮ್ಮ ತಾಯಿಯವರು, “ಕೂಸಿನ ಮಾತಿಗೆ ಉತ್ತರಾ ಹೇಳಪಾ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ದಯೆಯ ಮಾತನ್ನು ಶರಣರಿಂದ ಕೇಳುತ್ತ ಬೆಳೆದವರು ನಾವು. ಕೈಯಲ್ಲಿ ಕತ್ತಿ ಹಿಡಿಯದವನು ಕೊಲ್ಲುವುದಿಲ್ಲವೆಂದು ನಂಬಿದ್ದೆವು. ಅರಿಯದೆ ಮಾಡಿದ ಕೆಲಸವೂ ಜೀವ ತೆಗೆಯಬಲ್ಲದೆಂಬುದನ್ನು ಅಂದು ತಿಳಿದೆವು.

ಉತ್ತರದ ಮೊದಲ ಎಳೆ ದೊರೆತದ್ದು ನೆರೆಮನೆಯ ಹರಿಕಾಂತ ಸಮಾಜದ ಹಿರಿಯರಿಂದ. ಶರಾವತಿಯ ಅಳಿವೆಯಲ್ಲಿ ದೋಣಿ ನಡೆಸುತ್ತಲೇ ತಲೆ ನರೆದವರು ಅವರು. ಖಾಲಿ ತೊಟ್ಟಿಯನ್ನು ನೋಡಿ ನಕ್ಕು, “ಮಾಸ್ತರೇ, ನೀವು ಮೀನು ತಂದ್ರಿ, ನೀರು ತರಲಿಲ್ಲ. ಹೊಸ ನೀರು ಮೀನಿಗೆ ಆಗೂದಿಲ್ಲ. ನೀರು ಹಣ್ಣಾಗ್ಬೇಕು” ಎಂದರು. ಬಾವಿಯ ತಿಳಿನೀರಿಗಿಂತ ಒಳ್ಳೆಯ ನೀರು ಬೇರೆ ಯಾವುದೆಂದು ಆಗ ನಮಗೆ ಅರ್ಥವಾಗಲಿಲ್ಲ. ಆಮೇಲೆ ಪುಸ್ತಕಗಳನ್ನು ತಿರುವಿ ಹಾಕಿ, ತಿಳಿದವರನ್ನು ಕೇಳಿ, ಆ ಮಾತಿನ ಒಳಗನ್ನು ಅರಿತುಕೊಂಡೆವು. ಅರಿತದ್ದನ್ನು ನಿಮ್ಮೆದುರು ಇಡುವುದೇ ಈ ಲೇಖನದ ಉದ್ದೇಶ.

ಮೀನು ತಿಂದು ವಿಸರ್ಜಿಸುವ ಮಲಿನವೂ ಉಳಿದ ಆಹಾರವೂ ನೀರಿನಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಮೀನು ತನ್ನ ಕಿವಿರುಗಳ ಮೂಲಕವೂ ಅಮೋನಿಯಾವನ್ನು ಹೊರಹಾಕುತ್ತದೆ. ಅದು ಮೀನಿಗೆ ವಿಷ. ಕಿವಿರುಗಳನ್ನೇ ಸುಡುತ್ತದೆ. ಆದರೆ ಪ್ರಕೃತಿಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಸಹ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಗ್ಗಿಸುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ನೈಟ್ರೇಟು ಅಷ್ಟೊಂದು ಅಪಾಯಕಾರಿಯಲ್ಲ. ಗಿಡಗಳಿಗೆ ಗೊಬ್ಬರ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೊರಹೋಗುತ್ತದೆ. ಮಣ್ಣಿನಲ್ಲಿ ಈ ಕಾರ್ಯ ನಡೆಸುವ ಸೂಕ್ಷ್ಮಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದರು. ಅದಕ್ಕಿಂತ ಮೊದಲೇ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ತಾರಾಪೊರವಾಲಾ ಮತ್ಸ್ಯಾಲಯ 1951ರಲ್ಲಿ ಆರಂಭವಾಯಿತು.

ಇದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನವೇ ಇದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಮೊದಲಾದ ಕಡೆ ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಿನ ಅನಂತರ ಗದ್ದೆಯಲ್ಲಿ ಉಳಿದ ಕೂಳೆ ಕೊಳೆಯುತ್ತದೆ. ಭರತದ ನೀರಿನೊಡನೆ ಬಂದ ಸೀಗಡಿ ಮೀನುಗಳಿಗೆ ಅದೇ ಆಹಾರವಾಗುತ್ತದೆ. ಒಂದರ ಕಸ ಇನ್ನೊಂದರ ಕೂಳು. ನದಿಯಲ್ಲಾದರೆ ಹರಿವು ಇದೆ, ಕೆಸರಿದೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮೀನುಗಳಿಗೆ ಮಂಡಕ್ಕಿ ಎಸೆದು ಕೈಮುಗಿಯುವುದನ್ನು ನೀವು ಕಂಡಿರಬಹುದು. ಅಲ್ಲಿ ಮಲಿನವನ್ನು ಹೊಳೆ ಹೊತ್ತೊಯ್ಯುತ್ತದೆ. ನಮ್ಮ ತೊಟ್ಟಿಯ ನೀರಿಗೆ ಹೋಗಲು ದಾರಿಯಿಲ್ಲ. ಬಾವಿಯಿಂದ ಆಗತಾನೇ ಸೇದಿದ ನೀರು ನೋಡಲು ತಿಳಿಯಾಗಿದ್ದರೂ, ಮಲಿನವನ್ನು ಅರಗಿಸುವ ಜೀವಿಗಳು ಅದರಲ್ಲಿ ಇನ್ನೂ ನೆಲೆಗೊಂಡಿರುವುದಿಲ್ಲ. ಅವು ಸ್ಪಂಜು, ಕಲ್ಲು, ಗಾಜುಗಳ ಮೇಲೆ ಅಂಟಿಕೊಂಡು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀರು ಹಣ್ಣಾಗುವುದೆಂದರೆ ಇದೇ. ನಾವು ಸಾಬೂನು ಹಚ್ಚಿ ತಿಕ್ಕಿದಾಗ, ಆಗಷ್ಟೇ ಮೊಳೆಯುತ್ತಿದ್ದ ಆ ಜೀವಿಗಳನ್ನೂ ತೊಳೆದುಹಾಕಿದ್ದೆವು.

ಎರಡನೆಯ ಸಲ ಆರಂಭಿಸುವ ಮೊದಲು ಮಗನೊಡನೆ ಕುಳಿತು ಲೆಕ್ಕ ಹಾಕಿದೆವು. ಅರವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲ, ಮೂವತ್ತು ಎತ್ತರದ ತೊಟ್ಟಿಯಲ್ಲಿ 54 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ 45 ಲೀಟರ್ ಎನ್ನಿ. ಗಾಜು, ಕಲ್ಲುಗಳೂ ಸೇರಿ ಅರವತ್ತು ಕಿಲೋ ಸಮೀಪದ ಭಾರ. ಆದ್ದರಿಂದ ಮೇಜು ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು. ಗಾಜಿನ ಅಡಿಗೆ ಥರ್ಮೋಕೋಲ್ ಹಾಳೆ ಹಾಸಬೇಕು. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಇಟ್ಟರೆ ಪಾಚಿ ಕಟ್ಟುತ್ತದೆ. ವಿದ್ಯುತ್ತಿನ ತಂತಿ ಪ್ಲಗ್ಗಿಗಿಂತ ಕೆಳಗೆ ಬಾಗಿ ಮೇಲೇರಿರಬೇಕು. ಹಾಗಿದ್ದರೆ ತಂತಿಗುಂಟ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ನೀರಿಗೆ ಕೈಹಾಕುವ ಮೊದಲು ಸ್ವಿಚ್ ಆರಿಸಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ದುಂಡನೆಯ ಗಾಜಿನ ಬುರುಡೆಗಳನ್ನು ಕೊಳ್ಳಬೇಡಿ. ಅದರಲ್ಲಿ ನೀರೂ ಕಡಿಮೆ, ನೀರಿಗೆ ಗಾಳಿ ತಾಗುವ ಜಾಗವೂ ಕಡಿಮೆ.

ಕಲ್ಲುಗಳನ್ನು ಸಾಬೂನಿಲ್ಲದೆ ಬರಿಯ ನೀರಿನಲ್ಲಿ ತೊಳೆದು ಹಾಸಿದೆವು. ಗಾಳಿ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್ ಇಟ್ಟೆವು. ಮೀನಿಲ್ಲದ ಆ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿದೆವು. ಅದು ಕೊಳೆತು ಅಮೋನಿಯಾ ಆಗಿ ಬ್ಯಾಕ್ಟೀರಿಯಾಗಳಿಗೆ ಉಣಿಸಾಗುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಪೆಟ್ಟಿಗೆಯೊಂದನ್ನು ತರಿಸಿಕೊಂಡೆವು. ಎರಡನೆಯ ವಾರ ಅಮೋನಿಯಾ ಏರಿತು. ಮೂರನೆಯ ವಾರ ಅದು ಇಳಿಯುತ್ತ ನೈಟ್ರೈಟ್ ಏರಿತು. ನಲವತ್ತನೆಯ ದಿನದ ಸುಮಾರಿಗೆ ಎರಡೂ ಸೊನ್ನೆಗೆ ಬಂದವು. ಈ ಅವಧಿ ಎಲ್ಲ ಮನೆಗಳಲ್ಲೂ ಒಂದೇ ಇರುವುದಿಲ್ಲ. ತಾರೀಖನ್ನು ನಂಬದೆ ಪರೀಕ್ಷೆಯನ್ನೇ ನಂಬಬೇಕು. ಮೀನುಗಳು ಆರೋಗ್ಯದಿಂದಿರುವ ಹಳೆಯ ತೊಟ್ಟಿಯೊಂದು ಪರಿಚಿತರ ಮನೆಯಲ್ಲಿದ್ದರೆ ಅಲ್ಲಿನ ಸ್ಪಂಜಿನ ತುಣುಕೊಂದನ್ನು ಒದ್ದೆಯಾಗಿಯೇ ತಂದು ಹಾಕಬಹುದು. ಹೆಪ್ಪು ಹಾಕಿದಂತೆ ಕೆಲಸ ಬೇಗ ಸಾಗುತ್ತದೆ.

ಆ ನಲವತ್ತು ದಿನ ಮನೆಗೆ ಬಂದವರೆಲ್ಲ, “ಮೀನೆಲ್ಲಿ?” ಎಂದು ಕೇಳುತ್ತಿದ್ದರು. “ನೀರು ಇನ್ನೂ ಹಣ್ಣಾಗಿಲ್ಲ” ಎಂದು ಮಗ ಗಂಭೀರವಾಗಿ ಉತ್ತರಿಸುತ್ತಿದ್ದ. ಕಾಯುವುದನ್ನು ಮಕ್ಕಳಿಗೆ ಕಲಿಸಲು ನಾವು ಎಷ್ಟೋ ಉಪದೇಶ ಮಾಡುತ್ತೇವೆ. ನಮ್ಮ ಮಗ ಅದನ್ನು ಖಾಲಿ ತೊಟ್ಟಿಯಿಂದ ಕಲಿತ.

ಇನ್ನು ಮೊದಲ ಮೀನು ಯಾವುದಾಗಿರಬೇಕು? ಚಿನ್ನದ ಮೀನು ಸುಂದರ, ನಿಜ. ಆದರೆ ಅದು ಗೇಣುದ್ದ ಬೆಳೆಯುವ ಜಾತಿ, ಮಲಿನವೂ ಹೆಚ್ಚು; ಎರಡಡಿಯ ತೊಟ್ಟಿ ಅದಕ್ಕೆ ಸೆರೆಮನೆ. ನಾವು ಆರಿಸಿಕೊಂಡದ್ದು ಬೆರಳುದ್ದವೂ ಇಲ್ಲದ, ನೀಲಿ ಪಟ್ಟೆಗಳ ಜೀಬ್ರಾ ಮೀನನ್ನು. ಇದು ಭಾರತ ಮತ್ತು ನೆರೆಯ ದೇಶಗಳ ತೊರೆಗಳದೇ ಮೀನು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ, ನಮ್ಮ ಈ ಕರಾವಳಿಯನ್ನೂ ಕಂಡು ಬರೆದ ಫ್ರಾನ್ಸಿಸ್ ಬುಕಾನನ್ ಅವರ ಹೆಸರನ್ನು ಕೆಲವರು ಕೇಳಿರಬಹುದು. ಅವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಸೇರಿಸಿಕೊಂಡು, 1822ರಲ್ಲಿ ಪ್ರಕಟಿಸಿದ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಈ ಪುಟ್ಟ ಮೀನನ್ನು ಮೊದಲಿಗೆ ವರ್ಣಿಸಿದರು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ವಿಜ್ಞಾನಿಗಳು ಇದನ್ನು ಸಾಕುತ್ತಾರೆ. ಗಟ್ಟಿ ಜೀವ, ನಮ್ಮ ಕರಾವಳಿಯ ಸೆಕೆಯಲ್ಲಿ ನೀರು ಕಾಯಿಸುವ ಯಂತ್ರವೂ ಬೇಡ. ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಒಂದೆರಡು ತರದೆ ಐದಾರು ತರಬೇಕು. ಗಪ್ಪಿಯೂ ಒಳ್ಳೆಯದೇ; ಆದರೆ ಅದು ಮರಿ ಹಾಕುವ ಮೀನು, ತಿಂಗಳಿಗೊಮ್ಮೆ ಸಂಸಾರ ಬೆಳೆಸುತ್ತದೆ. ಬೆಳೆದ ಸಂಸಾರಕ್ಕೆ ಜಾಗವಿಲ್ಲದಿದ್ದರೆ ಬಣ್ಣದ ಬಾಲದ ಗಂಡುಗಳನ್ನಷ್ಟೇ ತನ್ನಿ.

ಮೊದಲ ದಿನ ಐದೇ ಮೀನು. ಮುಂದಿನ ಮೂರು ವಾರ ಇನ್ನೊಂದನ್ನೂ ಸೇರಿಸಲಿಲ್ಲ. ಉಣ್ಣುವ ಬಾಯಿ ಹೆಚ್ಚಿದಂತೆ ಮಲಿನ ಅರಗಿಸುವ ಜೀವಿಗಳೂ ಹೆಚ್ಚಬೇಕಷ್ಟೆ. ಅದಕ್ಕೆ ಸಮಯ ಕೊಡಬೇಕು. ತಂದ ಚೀಲವನ್ನು ಹಾಗೆಯೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟೆವು. ಎರಡೂ ನೀರಿನ ಬಿಸಿ ಒಂದಾಗಲೆಂದು. ಆಮೇಲೆ ಚೀಲ ಬಿಚ್ಚಿ, ತೊಟ್ಟಿಯ ನೀರನ್ನು ಒಂದೊಂದೇ ಲೋಟದಂತೆ ಅದಕ್ಕೆ ಬೆರೆಸಿದೆವು. ಕೊನೆಗೆ ಸಣ್ಣ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಟ್ಟೆವು. ಚೀಲದ ನೀರನ್ನು ಹೊರಗೆ ಚೆಲ್ಲಿದೆವು. ಆ ದಿನ ದೀಪ ಹಚ್ಚಲಿಲ್ಲ, ಆಹಾರವನ್ನೂ ಹಾಕಲಿಲ್ಲ.

ಆಹಾರದ ಮಾತು ಬಂದಾಗ ನಗು ಬರುತ್ತದೆ. ದಾಸೋಹದ ಮನೆತನದವರಿಗೆ ಕಡಿಮೆ ಬಡಿಸುವುದು ಬಲು ಕಷ್ಟ. ನಮ್ಮ ತಾಯಿಯವರು ಹೋಗುತ್ತ ಬರುತ್ತ ಒಂದೊಂದು ಚಿಟಿಕೆ ಹಾಕುತ್ತಿದ್ದರು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದು ಅಥವಾ ಎರಡು ಸಲ, ಅಷ್ಟು ಸಾಕೆಂದು ತಿಳಿಸಿ ಹೇಳಿದ ಮೇಲೆ, “ಹೊಟ್ಟೆಗೆ ಬೀಳದ್ದು ವಿಷ ಆಗತೈತಿ ಅಂದ್ರ, ಎಂಜಲು ಬಿಡಬಾರದು ಅಂದಂಗಾತಲ್ಲ” ಎಂದು ಅವರೇ ಒಪ್ಪಿದರು. ಈಗ ಆಹಾರದ ಡಬ್ಬಿ ಅವರ ವಶದಲ್ಲಿದೆ. ವಾರಕ್ಕೊಂದು ದಿನ ಮೀನುಗಳಿಗೂ ಉಪವಾಸ.

ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರು ತೆಗೆದು ಅಷ್ಟೇ ಹೊಸ ನೀರು ಹಾಕುತ್ತೇವೆ. ಸ್ಪಂಜನ್ನು ಹೊರತೆಗೆದ ಆ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡುತ್ತೇವೆ. ನಲ್ಲಿಯ ಕೆಳಗೆ ಹಿಡಿಯುವುದಿಲ್ಲ. ಆ ಹಳೆಯ ನೀರು ಹೂಗಿಡಗಳಿಗೆ ಒಳ್ಳೆಯ ಗೊಬ್ಬರ.

ಹೊಸ ನೀರಿನ ವಿಷಯದಲ್ಲಿ ನಮ್ಮ ಸೀಮೆಯವರು ಎಚ್ಚರವಾಗಿರಬೇಕು. ಕುಮಟೆಯ ನಮ್ಮ ಬಂಧುಗಳ ಮನೆಯಲ್ಲಿ ಮೀನುಗಳು ಏಳು ತಿಂಗಳು ಚೆನ್ನಾಗಿದ್ದವು. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನವೇ ತಿಳಿಯದೆ ಆ ನೀರನ್ನು ತೊಟ್ಟಿಗೆ ಸುರಿದರು; ಸಂಜೆಯೊಳಗೆ ಎಲ್ಲವೂ ಹೋದವು. ಕ್ಲೋರಿನ್ ಮೀನಿನ ಕಿವಿರನ್ನೂ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ನಲ್ಲಿಯ ನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಒಂದು ದಿನವಾದರೂ ತೆರೆದಿಟ್ಟು ಬಳಸಬೇಕು. ಬಾವಿಗೆ ಪುಡಿ ಹಾಕಿದ್ದರೆ ವಾಸನೆ ಪೂರ್ತಿ ಹೋಗುವ ತನಕ ಆ ನೀರನ್ನು ಮುಟ್ಟದಿರುವುದೇ ಲೇಸು. ಹೈಪೋ ಎಂದು ಕರೆಯುವ ಹರಳು ಕ್ಲೋರಿನ್ನನ್ನು ಕಳೆಯುತ್ತದೆ. ಮೀನಿನ ಅಂಗಡಿಗಳಲ್ಲಿ ದ್ರವರೂಪದಲ್ಲಿಯೂ ದೊರೆಯುತ್ತದೆ. ಕಡಲಂಚಿನ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಆಗ ನಾಲಗೆಗೆ ತಾಗಿಸಿ ನೋಡಿಯೇ ಬಳಸಬೇಕು. ಸಮುದ್ರದ ದಂಡೆಯಿಂದ ಮಕ್ಕಳು ಆಯ್ದು ತರುವ ಚಿಪ್ಪು, ಮರಳುಗಳನ್ನು ತೊಟ್ಟಿಗೆ ಹಾಕಬೇಡಿ. ಚಿಪ್ಪೆಂದರೆ ಸುಣ್ಣ, ನಿಧಾನವಾಗಿ ಕರಗಿ ನೀರಿನ ಗುಣವನ್ನೇ ಬದಲಿಸುತ್ತದೆ.

ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯ ನೀರಿನ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಮಳೆಗಾಲದಲ್ಲಿ ಗಾಳಿಮಳೆಗೆ ಮರ ಬಿದ್ದು ತಾಸುಗಟ್ಟಲೆ ವಿದ್ಯುತ್ತಿಲ್ಲದೆ ಪಂಪು ನಿಲ್ಲುವುದು ನಮಗೆ ಹೊಸದಲ್ಲ. ಸೆಲ್ಲಿನಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಆಗಾಗ ಲೋಟದಿಂದ ನೀರೆತ್ತಿ ಮೇಲಿನಿಂದ ಸುರಿಯಿರಿ. ಕರೆಂಟು ಬರುವ ತನಕ ಆಹಾರ ಹಾಕಬೇಡಿ.

ಭಟ್ಕಳದ ಇನ್ನೊಂದು ಮನೆಯ ಸಂಗತಿ ಹೇಳಬೇಕು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ಹೋಗಿ ಹವಳದ ಬಂಡೆಗಳ ನಡುವೆ ಬಣ್ಣದ ಮೀನುಗಳನ್ನು ನೋಡಿ ಬಂದ ಅವರ ಮಗಳು, ಅಂಥವನ್ನೇ ತೊಟ್ಟಿಯಲ್ಲಿಡಬೇಕೆಂದು ಹಟ ಹಿಡಿದಳು. ಕಡಲಿನ ಮೀನು ಸಿಹಿನೀರಿನಲ್ಲಿ ಬದುಕದು. ಉಪ್ಪುನೀರಿನ ತೊಟ್ಟಿಯನ್ನು ನಡೆಸುವುದು ಹೊಸಬರ ಕೈಗೆ ಎಟುಕುವ ಕೆಲಸವಲ್ಲ. ಹವಳ, ಕಡಲಕುದುರೆ ಮೊದಲಾದವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ನೋಡಿದ ಚೆಲುವನ್ನೆಲ್ಲ ಮನೆಗೆ ತರಬೇಕೆಂದಿಲ್ಲ ಎಂದು ತಂದೆ ತಾಯಿ ಆಕೆಗೆ ತಿಳಿಹೇಳಿದರು. ಹಾಗೆಯೇ ಹಳ್ಳ ಹೊಳೆಗಳ ಮೀನನ್ನು ಹಿಡಿದು ತರುವುದೂ ಬೇಡ. ಮುಖ್ಯವಾಗಿ, ಸಾಕಿ ಸಾಕಾದ ಮೀನನ್ನು ಶರಾವತಿಗೋ ಅಘನಾಶಿನಿಗೋ ಊರ ಕೆರೆಗೋ ಬಿಡಬೇಡಿ. ಬಿಡುಗಡೆ ಮಾಡಿದೆವೆಂಬ ಪುಣ್ಯದ ಭಾವನೆ ಅಲ್ಲಿ ಸಲ್ಲದು. ಗಪ್ಪಿ, ಗಾಜಿಗಂಟುವ ಸಕ್ಕರ್ ಮೀನು ಮೊದಲಾದ ಹೊರನಾಡಿನ ಜಾತಿಗಳು ಹೊಳೆಗೆ ಸೇರಿದರೆ ಅಲ್ಲಿಯೇ ಹುಟ್ಟಿ ಬೆಳೆದ ಮೀನುಗಳಿಗೆ ಕಂಟಕವಾಗುತ್ತವೆ. ಬೇಡವೆನಿಸಿದರೆ ಸಾಕುವ ಮತ್ತೊಂದು ಮನೆಗೆ ಕೊಡಿ.

ಇಷ್ಟೆಲ್ಲ ಓದಿದ ಮೇಲೆ, ಇದು ನಮ್ಮಿಂದಾಗದೆಂದು ಯಾರಿಗಾದರೂ ಅನಿಸಿದರೆ ಅವರಿಗೂ ನಮ್ಮ ವಂದನೆ. ವಾರಕ್ಕೆ ಅರ್ಧ ತಾಸು ಕೊಡಲಾಗದ ಮನೆಯಲ್ಲಿ ಮೀನು ಸಾಕದಿರುವುದೂ ದಯೆಯೇ. ಚೆಂದಕ್ಕಾಗಿ ಜೀವವನ್ನು ತಂದಿಟ್ಟುಕೊಂಡವರು ಅದರ ಹಂಗಿನಲ್ಲಿರುತ್ತಾರೆ. ಅದು ನಮ್ಮ ಹಂಗಿನಲ್ಲಿ ಇರುವುದಲ್ಲ.

ನಮ್ಮ ಐದು ಜೀಬ್ರಾ ಮೀನುಗಳು ಮನೆಗೆ ಬಂದು ಒಂದು ವರ್ಷ ಮೀರಿತು. ಒಂದು ಹೋಯಿತು, ನಾಲ್ಕಿವೆ. ಮೂರು ಗಪ್ಪಿಗಳು ಜೊತೆಗೂಡಿವೆ. ಮಗನ ಅಂದಿನ ಪ್ರಶ್ನೆಗೆ ಇಂದಿಗೂ ನಾವು ಬಾಯಿಬಿಟ್ಟು ಉತ್ತರ ಹೇಳಿಲ್ಲ. ಮೊನ್ನೆ ಅವನ ಗೆಳೆಯನೊಬ್ಬ ತನ್ನ ಹುಟ್ಟುಹಬ್ಬಕ್ಕೆ ತೊಟ್ಟಿ ಕೊಡಿಸಿದ್ದಾರೆಂದೂ, ಸಂಜೆಯೇ ಮೀನು ತರುವೆನೆಂದೂ ಹೇಳಿಕೊಂಡು ಬಂದ. ಮಗ ಒಳಗೆ ಹೋಗಿ, ಒದ್ದೆ ಸ್ಪಂಜಿನ ತುಣುಕೊಂದನ್ನು ನೀರು ತುಂಬಿದ ಚೀಲದಲ್ಲಿ ಹಾಕಿ ತಂದು ಗೆಳೆಯನ ಕೈಗಿತ್ತು, “ಮೀನು ಆಮೇಲೆ ತಾ, ಮೊದಲ ಇದನ್ನ ಹಾಕು” ಎಂದ. ಅಜ್ಜಿ ಜಗುಲಿಯಿಂದಲೇ ನೋಡುತ್ತಿದ್ದರು.